ಚದರ, ಲೋಡು, ಬ್ಲಾಕು, ಗ್ರೇಡು: ಮನೆ ಕಟ್ಟುವ ಮಾತಿಗೆ ಎಲ್ಲರಿಗೂ ಒಂದೇ ಅರ್ಥ ಬೇಕು

ಮನೆ ಕಟ್ಟುವಾಗ ಏಳುವ ಜಗಳ ನೋಡೋಕೆ ದುಡ್ಡಿನದ್ದು. ಬುಡ ಹುಡುಕಿದರೆ ಬಹಳ ಸಲ ಅದು ಮಾತಿನದ್ದು. ಮಾಲೀಕರು ‘ಬ್ಲಾಕ್ ಗೋಡೆ’ ಅಂದಾಗ ಅವರ ಮನಸ್ಸಿನಲ್ಲಿ ಒಂದು ಬ್ಲಾಕ್ ಇರುತ್ತದೆ, ಮೇಸ್ತ್ರಿ ತರಿಸುವುದು ಇನ್ನೊಂದು. ಅಂಗಡಿಯವರು ‘ಒಂದು ಲೋಡ್’ ಎಂದು ಬರೆದ ಚೀಟಿಯಲ್ಲಿ ಎಷ್ಟು ಅಡಿ, ಎಷ್ಟು ಟನ್ ಅನ್ನೋದು ಇರುವುದಿಲ್ಲ. ಗುತ್ತಿಗೆದಾರರು ‘ಚದರಕ್ಕೆ ಇಷ್ಟು’ ಎಂದು ಹೇಳಿ ಅಡ್ವಾನ್ಸ್ ತಗೊಂಡ ಮೇಲೆ ಸಜ್ಜೆ ಸೇರುತ್ತೋ ಇಲ್ಲವೋ, ಸಂಪು ಸೇರುತ್ತೋ ಇಲ್ಲವೋ ಎಂಬ ಪ್ರಶ್ನೆ ಮೋಲ್ಡ್ ಹಾಕಿದ ಮೇಲೆ ಏಳುತ್ತದೆ.

ಹಿಂದೆ ಇದು ಅಷ್ಟು ತೊಂದರೆ ಕೊಡುತ್ತಿರಲಿಲ್ಲ. ಊರಿನ ಇಟ್ಟಿಗೆ ಗೂಡು ಒಂದೇ, ಹೊಳೆ ಮರಳು ಒಂದೇ, ಗಾರೆ ಕೆಲಸದವರು ಗುರುತಿನವರೇ. ಬಾಯಿಮಾತು ಸಾಕಾಗುತ್ತಿತ್ತು. ಈಗ ತಿಪಟೂರು, ಶಿರಾ, ಕುಣಿಗಲ್, ಚಿಕ್ಕನಾಯಕನಹಳ್ಳಿ ಯಾವ ಪೇಟೆಗೆ ಹೋದರೂ ಎಎಸಿ ಬ್ಲಾಕ್, ಸಿಎಲ್‌ಸಿ ಬ್ಲಾಕ್, ಎಂ ಸ್ಯಾಂಡ್, ಪಿ ಸ್ಯಾಂಡ್, ರೆಡಿಮಿಕ್ಸ್, ರೆಡಿಮೇಡ್ ಕಾಂಪೌಂಡ್, ಟಿಎಂಟಿ 500, 550 ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಸಾಮಾನು ಹೊಸದು, ಕಟ್ಟುವ ವಿಧಾನ ಹೊಸದು, ಮಾತು ಮಾತ್ರ ಹಳೆಯದು. ಈ ಅಂತರದಲ್ಲಿ ಹಣವೂ ಹೋಗುತ್ತದೆ, ಕೆಲವೊಮ್ಮೆ ಕಟ್ಟಡದ ಬಲವೂ ಹೋಗುತ್ತದೆ.

ಒಂದೇ ಮನೆ, ಮೂರು ಚದರ

ಹಳೇ ಮೈಸೂರು ಕಡೆ ಒಂದು ಚದರ ಅಂದರೆ 100 ಚದರಡಿ. ಇಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆ. ಆದರೆ ಆ 100 ಚದರಡಿಯನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಒಂದು ಲೆಕ್ಕ ನೋಡಿ. ಹೊರಗೋಡೆಯ ಹೊರಮೈಯಿಂದ ಅಳೆದರೆ 25 ಅಡಿ ಅಗಲ, 40 ಅಡಿ ಉದ್ದದ ಮನೆ. ಅಲ್ಲಿಗೆ 1,000 ಚದರಡಿ, 10 ಚದರ. ಅದೇ ಮನೆಯ ಸುತ್ತಲಿನ 6 ಇಂಚಿನ ಗೋಡೆ ಬಿಟ್ಟು ಒಳಗಿನಿಂದ ಅಳೆದರೆ 24 ಅಡಿ, 39 ಅಡಿ. 936 ಚದರಡಿ ಆಯಿತು, ಅಂದರೆ 9.36 ಚದರ. ತಾರಸಿ ನಾಲ್ಕೂ ಕಡೆ 2 ಅಡಿ ಹೊರಚಾಚಿದ್ದು, ಮೇಲೆ ಹತ್ತಿ ತಾರಸಿಯನ್ನೇ ಅಳೆದರೆ 29 ಅಡಿ, 44 ಅಡಿ. 1,276 ಚದರಡಿ, 12.76 ಚದರ.

ಮೂವರೂ ಸುಳ್ಳು ಹೇಳಿಲ್ಲ, ಮೂವರೂ ಅಳೆದದ್ದು ಒಂದೇ ಮನೆಯನ್ನು. ಲೆಕ್ಕಕ್ಕೆಂದು ಚದರಕ್ಕೆ 2 ಲಕ್ಷ ರೂಪಾಯಿ ಹಿಡಿದರೆ, 10 ಚದರಕ್ಕೂ 12.76 ಚದರಕ್ಕೂ 5 ಲಕ್ಷದ 52 ಸಾವಿರ ರೂಪಾಯಿ ವ್ಯತ್ಯಾಸ. ಮಗಳ ಮದುವೆಗೆ ಇಟ್ಟ ದುಡ್ಡು ಅಳತೆಯ ಟೇಪು ಎಲ್ಲಿ ಹಿಡಿದರು ಅನ್ನೋದರ ಮೇಲೆ ಕರಗಬಹುದು.

ಇದಕ್ಕೆ ಅಧಿಕೃತ ಪದಗಳಿವೆ. ಹೊರಗೋಡೆ ಸೇರಿಸಿ ನೆಲದ ಮಟ್ಟದಲ್ಲಿ ಅಳೆಯುವುದು ಪ್ಲಿಂತ್ ಏರಿಯಾ. ಕಾರ್ಪೆಟ್ ಏರಿಯಾ ಎಂದರೆ ಒಳಗೆ ಬಳಕೆಗೆ ಸಿಗುವ ನೆಲ. ಇವುಗಳನ್ನು ಹೇಗೆ ಅಳೆಯಬೇಕು ಎಂಬುದಕ್ಕೆ ಐಎಸ್ 3861 ಎಂಬ ಭಾರತೀಯ ಮಾನಕವೇ ಇದೆ. ಬಿಲ್ಡರ್‌ಗಳು ಮಾರುವ ಫ್ಲಾಟುಗಳಿಗೆ 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂದರೆ ಏನು ಎಂದು ಬರೆದೇ ಇಟ್ಟಿದೆ: ಹೊರಗೋಡೆ, ಬಾಲ್ಕನಿ, ವರಾಂಡ, ತೆರೆದ ಟೆರೇಸು ಸೇರುವುದಿಲ್ಲ, ಮನೆಯೊಳಗಿನ ಅಡ್ಡಗೋಡೆ ಸೇರುತ್ತದೆ. ಸ್ವಂತ ಸೈಟಿನಲ್ಲಿ ಮೇಸ್ತ್ರಿಗೆ ಗುತ್ತಿಗೆ ಕೊಡುವವರಿಗೆ ಅಂಥ ಕಾಯ್ದೆಯ ರಕ್ಷಣೆ ಇಲ್ಲ. ಅವರಿಗೆ ಇರುವುದು ಕರಾರು ಪತ್ರವೊಂದೇ. ಅದರಲ್ಲಿ ‘ಚದರ ಅಂದರೆ ಹೊರಗೋಡೆಯ ಹೊರಮೈ ಅಳತೆ, ಸಜ್ಜೆ, ಸಂಪು, ಕಾಂಪೌಂಡಿಗೆ ದರ ಬೇರೆ’ ಎಂದೋ, ಇಬ್ಬರೂ ಒಪ್ಪಿದ ಬೇರೆ ರೀತಿಯಲ್ಲೋ ಒಂದು ಸಾಲು ಬರೆದರೆ ಅರ್ಧ ತಗಾದೆ ಅಲ್ಲೇ ಮುಗಿಯುತ್ತದೆ.

ಬ್ಲಾಕ್ ಅಂದರೆ ಯಾವ ಬ್ಲಾಕ್?

ಪೇಟೆಯಲ್ಲಿ ‘ಬ್ಲಾಕ್’ ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ನಾಲ್ಕು ಬೇರೆ ಸಾಮಾನು ಮಾರಾಟವಾಗುತ್ತದೆ.

ಮೊದಲನೆಯದು ಸಾಲಿಡ್ ಬ್ಲಾಕ್. ಸಿಮೆಂಟು, ಜಲ್ಲಿ ಪುಡಿ, ಸಣ್ಣ ಜಲ್ಲಿ ಒತ್ತಿ ಮಾಡಿದ್ದು. ಎರಡನೆಯದು ಹಾಲೋ ಬ್ಲಾಕ್, ಒಳಗೆ ಪೊಳ್ಳು. ಇವೆರಡೂ ಐಎಸ್ 2185ರ ಮೊದಲ ಭಾಗಕ್ಕೆ ಸೇರುತ್ತವೆ. ಮೂರನೆಯದು ಎಎಸಿ ಬ್ಲಾಕ್. ಸಿಮೆಂಟು, ಸುಣ್ಣ, ಹಾರುಬೂದಿ ಅಥವಾ ಅರೆದ ಮರಳಿಗೆ ಸ್ವಲ್ಪ ಅಲ್ಯೂಮಿನಿಯಂ ಪುಡಿ ಹಾಕಿ, ಇಡ್ಲಿ ಹಿಟ್ಟಿನಂತೆ ಉಬ್ಬಿಸಿ, ಕತ್ತರಿಸಿ, ಒತ್ತಡದ ಹಬೆಯಲ್ಲಿ ಬೇಯಿಸಿದ್ದು. ಇದು ಅದೇ ಮಾನಕದ ಮೂರನೇ ಭಾಗ. ನಾಲ್ಕನೆಯದು ಸಿಎಲ್‌ಸಿ. ಇದರಲ್ಲಿ ನೊರೆ ಬೆರೆಸಿ ಗಾಳಿಗುಳ್ಳೆ ತರಿಸುತ್ತಾರೆ, ಒತ್ತಡದ ಹಬೆ ಕೊಡುವುದಿಲ್ಲ. ಇದು ನಾಲ್ಕನೇ ಭಾಗ.

ಕೊನೆಯ ಎರಡನ್ನೂ ಅಂಗಡಿಯಲ್ಲಿ ‘ಲೈಟ್ ವೇಟ್ ಬ್ಲಾಕ್’ ಎಂದೇ ಕರೆಯುತ್ತಾರೆ. ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ ತಯಾರಿ ಬೇರೆ, ಪರೀಕ್ಷೆಯ ಮಾನಕ ಬೇರೆ. ‘ಲೈಟ್ ವೇಟ್’ ಎಂದು ಬಿಲ್ಲಿನಲ್ಲಿ ಬರೆದರೆ ಗಿರಾಕಿಗೆ ಯಾವುದು ಬಂತು ಅನ್ನೋದಕ್ಕೆ ದಾಖಲೆಯೇ ಇರುವುದಿಲ್ಲ.

ಬಲದ ವ್ಯತ್ಯಾಸವನ್ನೂ ಗಮನಿಸಬೇಕು. ಮಾನಕದ ಪ್ರಕಾರ ಸಾಲಿಡ್ ಬ್ಲಾಕಿಗೆ ಒಂದು ಚದರ ಮಿಲಿಮೀಟರಿಗೆ 4 ಅಥವಾ 5 ನ್ಯೂಟನ್ ಒತ್ತಡ ತಡೆಯುವ ಶಕ್ತಿ ಇರಬೇಕು. ಎಎಸಿಯಲ್ಲಿ ಘನ ಮೀಟರಿಗೆ 551ರಿಂದ 650 ಕೆ.ಜಿ. ತೂಗುವ ಬ್ಲಾಕಿಗೆ ಒಂದನೇ ದರ್ಜೆಯಲ್ಲಿ 4, ಎರಡನೇ ದರ್ಜೆಯಲ್ಲಿ 3 ನ್ಯೂಟನ್. ಇನ್ನೂ ಹಗುರವಾದ, 451ರಿಂದ 550 ಕೆ.ಜಿ. ಸಾಂದ್ರತೆಯದಕ್ಕೆ 2 ಮತ್ತು 1.5 ಮಾತ್ರ.

ಕಂಬ, ಬೀಮು ಹಾಕಿ ಕಟ್ಟಿದ ಮನೆಯಲ್ಲಿ ಗೋಡೆ ಬರೀ ಮರೆಗೆ ಇರುತ್ತದೆ; ಅಲ್ಲಿ ಎಎಸಿ ಹಗುರವಾಗಿದ್ದಷ್ಟೂ ಕಂಬಕ್ಕೆ ಅನುಕೂಲ. ಆದರೆ ತಾಲೂಕಿನ ಊರುಗಳಲ್ಲಿ ಇನ್ನೂ ಎಷ್ಟೋ ಮನೆಗಳು ಕಂಬವಿಲ್ಲದೆ ಗೋಡೆಯ ಮೇಲೇ ತಾರಸಿ ಕೂರಿಸಿದವು. ಅಂಥ ನಕ್ಷೆಯಲ್ಲಿ ಇಂಜಿನಿಯರು ಸಾಲಿಡ್ ಬ್ಲಾಕ್ ಎಣಿಸಿದ್ದು, ಸಾಮಾನು ತರುವಾಗ ‘ಬ್ಲಾಕ್ ಬ್ಲಾಕೇ ತಾನೆ, ಇದು ಹಗುರ, ಕೆಲಸ ಬೇಗ ಆಗುತ್ತೆ’ ಎಂದು ಬದಲಿಸಿದರೆ ಅದು ಬಣ್ಣ ಬದಲಿಸಿದಷ್ಟು ಸಣ್ಣ ವಿಷಯ ಅಲ್ಲ. ಭಾರ ಹೊರುವ ಗೋಡೆಯಲ್ಲಿ ಬ್ಲಾಕಿನ ಜಾತಿ ಬದಲಿಸುವ ಮೊದಲು ನಕ್ಷೆ ಮಾಡಿದ ಇಂಜಿನಿಯರ್ ಒಪ್ಪಲೇಬೇಕು.

ಬೆಲೆ ಹೋಲಿಸುವಾಗಲೂ ಎಚ್ಚರ ಬೇಕು. ಸಾಲಿಡ್ ಬ್ಲಾಕಿನ ಮುಖ 16 ಇಂಚು, 8 ಇಂಚು. ಅಂದರೆ 400 ಮಿ.ಮೀ., 200 ಮಿ.ಮೀ. ಎಎಸಿ ಸಾಮಾನ್ಯವಾಗಿ 600, 200. ಹಾಗಾಗಿ 100 ಚದರಡಿ ಗೋಡೆಗೆ ಸಾಲಿಡ್ ಸುಮಾರು 116 ಬೇಕಾದರೆ ಎಎಸಿ ಸುಮಾರು 77 ಸಾಕು. ‘ಒಂದಕ್ಕೆ ಎಷ್ಟು’ ಎಂದು ಕೇಳಿದರೆ ಎಎಸಿ ದುಬಾರಿ ಅನ್ನಿಸುತ್ತದೆ. ‘100 ಚದರಡಿ ಗೋಡೆಗೆ ಬ್ಲಾಕು, ಅಂಟು, ಕೂಲಿ ಸೇರಿ ಎಷ್ಟು’ ಎಂದು ಕೇಳಿದರೆ ಮಾತ್ರ ಸರಿಯಾದ ಹೋಲಿಕೆ ಸಿಗುತ್ತದೆ.

ಕಂಬಿ: ಟಿಎಂಟಿ ಅನ್ನೋದು ಗ್ರೇಡ್ ಅಲ್ಲ

ಕೆಲವು ಹಳೆಯ ಮೇಸ್ತ್ರಿಗಳ ಬಾಯಲ್ಲಿ ಇವತ್ತಿಗೂ ‘ಟಾರ್ ಕಂಬಿ’ ಎಂಬ ಮಾತಿದೆ. ಅದು ತಣ್ಣಗಿದ್ದಾಗ ತಿರುಚಿ ಗಟ್ಟಿ ಮಾಡುತ್ತಿದ್ದ ಕಾಲದ ಕಂಬಿ. ಈಗ ಬರುವುದು ಟಿಎಂಟಿ: ಕೆಂಪಗೆ ಕಾದ ಕಂಬಿಯ ಮೇಲೆ ನೀರು ಹಾಯಿಸಿ ಹೊರಪದರ ಗಟ್ಟಿ, ಒಳತಿರುಳು ಮೆತು ಇರುವಂತೆ ಮಾಡಿದ್ದು. ಅಂದರೆ ಟಿಎಂಟಿ ಎಂಬುದು ತಯಾರಿಯ ವಿಧಾನದ ಹೆಸರು. ‘ಟಿಎಂಟಿ ಕೊಡಿ’ ಅಂದರೆ ‘ಬೇಯಿಸಿದ ಅಡುಗೆ ಕೊಡಿ’ ಅಂದ ಹಾಗೆ.

ಕೇಳಬೇಕಾದ್ದು ಗ್ರೇಡನ್ನು. ಐಎಸ್ 1786ರಲ್ಲಿ ಎಫ್‌ಇ 415, ಎಫ್‌ಇ 500, ಎಫ್‌ಇ 500 ಡಿ, ಎಫ್‌ಇ 550, ಎಫ್‌ಇ 550 ಡಿ ಎಂದೆಲ್ಲ ಇದೆ. ಈ ಸಂಖ್ಯೆ ಹೇಳುವುದು ಕಂಬಿ ಎಷ್ಟು ಎಳೆತಕ್ಕೆ ಮತ್ತೆ ಮೊದಲಿನಂತಾಗದ ಹಾಗೆ ಜಗ್ಗಲು ಶುರುವಾಗುತ್ತದೆ ಎಂಬುದನ್ನು. ಕೊನೆಯ ‘ಡಿ’ ಅಕ್ಷರ ಅದು ಮುರಿಯುವ ಮೊದಲು ಹೆಚ್ಚು ಹಿಗ್ಗಬಲ್ಲದು ಎಂಬುದರ ಗುರುತು. ಭೂಕಂಪದಂಥ ಅಲುಗಾಟದಲ್ಲಿ ಈ ಹಿಗ್ಗುವ ಗುಣವೇ ಜೀವ ಉಳಿಸುತ್ತದೆ. ಆದ್ದರಿಂದ ‘500ಕ್ಕಿಂತ 550 ದೊಡ್ಡದು, ಅದೇ ಒಳ್ಳೇದು’ ಎಂಬ ಅಂಗಡಿ ಕಟ್ಟೆಯ ತೀರ್ಮಾನ ಪೂರ್ತಿ ಸರಿಯಲ್ಲ. ನಕ್ಷೆಯಲ್ಲಿ ಏನು ಬರೆದಿದೆಯೋ ಅದೇ ಬೇಕು.

ದಪ್ಪದ ಮಾತಿಗೆ ಬಂದರೆ ‘ಅರ್ಧ ಇಂಚಿನ ಕಂಬಿ’ ಎಂಬುದು ಇನ್ನೂ ಬಳಕೆಯಲ್ಲಿದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಸಿಗುವುದು 12 ಮಿ.ಮೀ. ಕೂದಲೆಳೆಯ ವ್ಯತ್ಯಾಸ ಅನ್ನಿಸಿದರೂ ಕಬ್ಬಿಣದ ಪ್ರಮಾಣದಲ್ಲಿ ಅದು ಶೇ. 12ರಷ್ಟು.

ಕಂಬಿಯ ತೂಕ ತಿಳಿಯಲು ಅಂಗಡಿಯವರಿಗೂ ಗಿರಾಕಿಗೂ ಗೊತ್ತಿರಬೇಕಾದ ಸುಲಭ ಸೂತ್ರವೊಂದಿದೆ. ಮಿ.ಮೀ.ನಲ್ಲಿ ಇರುವ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಬರುತ್ತದೆ. 12 ಮಿ.ಮೀ. ಕಂಬಿಗೆ 144ನ್ನು 162ರಿಂದ ಭಾಗಿಸಿದರೆ ಸುಮಾರು 0.89 ಕೆ.ಜಿ. 12 ಮೀಟರಿನ ಪೂರ್ತಿ ಕಂಬಿ ಹತ್ತೂವರೆ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗಬೇಕು. ಈ ಗಾತ್ರದ ಕಂಬಿಗೆ ಮಾನಕವು ಲಾಟಿನ ತೂಕದಲ್ಲಿ ಶೇ. 5ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ಅದಕ್ಕಿಂತ ತೀರಾ ಕಡಿಮೆ ತೂಗಿದರೆ ಕಂಬಿ ತೆಳುವಾಗಿದೆ ಎಂದೇ ಅರ್ಥ. ಪೀಸಿನ ಲೆಕ್ಕದಲ್ಲಿ ಕೊಂಡರೆ ಗಿರಾಕಿಯ ದುಡ್ಡು ಹೋಯಿತು. ತೂಕದ ಲೆಕ್ಕದಲ್ಲಿ ಕೊಂಡರೆ ದುಡ್ಡು ಉಳಿಯಬಹುದು, ಆದರೆ ಕಟ್ಟಡಕ್ಕೆ ಎಣಿಸಿದಷ್ಟು ಕಬ್ಬಿಣ ಬೀಳಲಿಲ್ಲ.

53 ಬೇರೆ, 20 ಬೇರೆ

ಸಿಮೆಂಟು ಚೀಲದ ಮೇಲೆ 43, 53 ಎಂದಿರುತ್ತದೆ. ನಕ್ಷೆಯಲ್ಲಿ ಎಂ-20, ಎಂ-25 ಎಂದಿರುತ್ತದೆ. ಎರಡನ್ನೂ ಜನ ‘ಗ್ರೇಡ್’ ಎಂದೇ ಕರೆಯುತ್ತಾರೆ. ‘53 ಗ್ರೇಡ್ ಸಿಮೆಂಟೇ ಹಾಕಿದೀವಲ್ಲ, ಇನ್ನೇನು ಎಂ-20’ ಎಂಬ ಮಾತು ಹುಟ್ಟುವುದು ಹೀಗೆ.

53 ಎಂಬುದು ಸಿಮೆಂಟಿನ ಪರೀಕ್ಷೆ. ಎಂ-20 ಎಂಬುದು ಸಿಮೆಂಟು, ಮರಳು, ಜಲ್ಲಿ, ನೀರು ಸೇರಿ ಆದ ಕಾಂಕ್ರೀಟಿನ ಪರೀಕ್ಷೆ. 15 ಸೆಂ.ಮೀ. ಘನಾಕಾರದ ತುಂಡು ಮಾಡಿ, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿದಾಗ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯುವ ಕಾಂಕ್ರೀಟು ಎಂ-20. ಸಿಮೆಂಟು ಎಷ್ಟೇ ಒಳ್ಳೆಯದಿರಲಿ, ನೀರು ಹೆಚ್ಚು ಸುರಿದರೆ ಆ 20 ಬರುವುದಿಲ್ಲ.

ಕಂಬಿ ಹಾಕಿದ ಕಾಂಕ್ರೀಟಿಗೆ ಎಂ-20ಕ್ಕಿಂತ ಕಡಿಮೆ ಇರಬಾರದು ಎಂದು 2000ರಲ್ಲಿ ಪರಿಷ್ಕರಿಸಿದ ಐಎಸ್ 456 ಹೇಳುತ್ತದೆ. ಆದರೆ ಕೆಲಸದ ಜಾಗದಲ್ಲಿ ಕೇಳಿಬರುವ ‘ಒಂದಕ್ಕೆ ಎರಡು, ನಾಲ್ಕು’ ಮಿಶ್ರಣ ಎಂ-15 ಎಂದೇ ರೂಢಿಯಲ್ಲಿ ಗುರುತಾಗಿರುವುದು. ಎಂ-20ಕ್ಕೆ ರೂಢಿಯ ಅಳತೆ ಒಂದಕ್ಕೆ ಒಂದೂವರೆ, ಮೂರು. ಅದೂ ಬಾಂಡ್ಲಿ ಲೆಕ್ಕದಲ್ಲಿ ಅಳೆದರೆ ಒಬ್ಬರ ಬಾಂಡ್ಲಿ ಗೋಪುರ, ಇನ್ನೊಬ್ಬರದ್ದು ಅರ್ಧ. ಅಳತೆ ಪೆಟ್ಟಿಗೆ ಇಟ್ಟುಕೊಳ್ಳುವುದು ಇದಕ್ಕೆ ಹಳೆಯ, ಅಗ್ಗದ ಪರಿಹಾರ. 50 ಕೆ.ಜಿ. ಚೀಲದ ಸಿಮೆಂಟು ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ. ಪೆಟ್ಟಿಗೆಯನ್ನೂ ಅಷ್ಟೇ ಗಾತ್ರಕ್ಕೆ ಮಾಡಿಸಿದರೆ ಲೆಕ್ಕ ಸುಲಭ. ಹೀಗೆ ನೇರ ಅಳತೆಯ ಎಂ-20ಕ್ಕೆ ಒಂದು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಎಂದು ಮಾನಕವೇ ಹೇಳಿದೆ. ಕಾಂಕ್ರೀಟು ಸಲೀಸಾಗಿ ಹರಿಯಲಿ ಎಂದು ಪೈಪು ಹಿಡಿಯುವ ಅಭ್ಯಾಸ ಅಲ್ಲೇ ಬಲ ತೆಗೆಯುತ್ತದೆ.

ನೀರು ಹೊಡೆಯುವ ದಿನಗಳಿಗೂ ಲೆಕ್ಕ ಇದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ. ಚೀಲದ ಮೇಲೆ ಪಿಪಿಸಿ ಅಥವಾ ಪಿಎಸ್‌ಸಿ ಎಂದಿದ್ದರೆ, ಇಲ್ಲವೇ ಬಿಸಿಲು ಒಣಹವೆ ಇದ್ದರೆ, ಕನಿಷ್ಠ 10 ದಿನ. ಪಾವಗಡ, ಶಿರಾದ ಬೇಸಿಗೆಗೆ ಮೂರು ದಿನ ಗೋಣಿಚೀಲ ಹಾಸಿ ಕೈತೊಳೆದುಕೊಂಡರೆ ಸಾಲದು.

ಪರೀಕ್ಷೆಗೂ ಲೆಕ್ಕವಿದೆ. 1,000 ಚದರಡಿ ತಾರಸಿ 5 ಇಂಚು ದಪ್ಪ ಇದ್ದರೆ ಸುಮಾರು 12 ಘನ ಮೀಟರ್ ಕಾಂಕ್ರೀಟು. 6ರಿಂದ 15 ಘನ ಮೀಟರಿಗೆ ಎರಡು ಮಾದರಿ, ಒಂದೊಂದು ಮಾದರಿಗೆ ಮೂರು ಘನ ತುಂಡು ತೆಗೆಯಬೇಕು. ಅಂದರೆ ಇಡೀ ತಾರಸಿಗೆ ಆರೇ ಆರು ತುಂಡು. ಸಿವಿಲ್ ವಿಭಾಗವಿರುವ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಇದನ್ನು ಒತ್ತಿ ನೋಡುವ ಯಂತ್ರ ಇರುತ್ತದೆ.

ಒಂದು ಲೋಡ್ ಮರಳಿನಲ್ಲಿ ಎಷ್ಟು ನೀರು?

‘ಲೋಡ್’ ಎಂಬುದು ವಾಹನದ ಹೆಸರೇ ಹೊರತು ಅಳತೆಯಲ್ಲ. ಟ್ರ್ಯಾಕ್ಟರ್ ಟ್ರೇಲರು ಒಂದೊಂದು ಗಾತ್ರ, ಟಿಪ್ಪರು ಒಂದೊಂದು ಗಾತ್ರ. ಬೆಳಗಾವಿ, ವಿಜಯಪುರದ ಕಡೆ ‘ಬ್ರಾಸ್’ ಎಂದು ಮಾರುತ್ತಾರೆ, ಅದಕ್ಕಾದರೂ 100 ಘನ ಅಡಿ ಎಂಬ ನಿಶ್ಚಿತ ಅರ್ಥವಿದೆ.

ತೂಕದಲ್ಲಿ ಕೊಂಡರೂ, ಅಡಿಯಲ್ಲಿ ಕೊಂಡರೂ ತೇವ ಮೋಸ ಮಾಡುತ್ತದೆ. ಟನ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ಮರಳಿನ ಬೆಲೆ. ಅಡಿ ಲೆಕ್ಕದಲ್ಲಿ ಕೊಂಡರೆ, ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಂಡು ಶೇ. 20ಕ್ಕೂ ಹೆಚ್ಚು ಜಾಗ ತುಂಬಬಹುದು. ಇದನ್ನು ಮನೆಯಲ್ಲೇ ನೋಡಬಹುದು. ನೇರ ಗೋಡೆಯ ಪಾತ್ರೆಗೆ ತೇವದ ಮರಳನ್ನು ಅದುಮದೆ ತುಂಬಿ ಎತ್ತರ ಗುರುತು ಮಾಡಿ. ಆಮೇಲೆ ಪೂರ್ತಿ ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. ಮರಳು ಎಷ್ಟು ಕೆಳಗಿಳಿಯಿತೋ ಅಷ್ಟು ಉಬ್ಬರ.

ಎಂ ಸ್ಯಾಂಡಿನ ಹೆಸರಿನಲ್ಲಿ ಕ್ರಷರ್ ಡಸ್ಟ್ ಬರುವ ದೂರು ಹಳೆಯದು. ಎರಡೂ ಕಲ್ಲು ಒಡೆದೇ ಬರುವುದು. ಆದರೆ ಎಂ ಸ್ಯಾಂಡ್ ಎಂದರೆ ಕಾಂಕ್ರೀಟಿಗೆ ಬೇಕಾದ ಕಾಳಿನ ಆಕಾರ, ಗಾತ್ರಕ್ಕೆ ತಕ್ಕಂತೆ ಒಡೆದು, ಜರಡಿ ಹಿಡಿದು, ಅತಿ ನಯದ ಪುಡಿ ತೆಗೆದದ್ದು. ಡಸ್ಟ್ ಎಂದರೆ ಜಲ್ಲಿ ಒಡೆಯುವಾಗ ಉಳಿದದ್ದು. 2016ರಲ್ಲಿ ಪರಿಷ್ಕರಿಸಿದ ಐಎಸ್ 383 ತಯಾರಿಸಿದ ಮರಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಹಾಗಾಗಿ ಕ್ರಷರ್‌ನವರ ಬಳಿ ‘ಐಎಸ್ 383 ಪ್ರಕಾರದ ಜರಡಿ ಪರೀಕ್ಷೆಯ ವರದಿ ಕೊಡಿ’ ಎಂದು ಕೇಳುವುದು ಅಂಗಡಿಯವರ ಹಕ್ಕಿನ ಮಾತು. ಗಿಲಾವಿಗೆ ಬಳಸುವ ಪಿ ಸ್ಯಾಂಡ್ ಇನ್ನೂ ನಯ. ಅದನ್ನು ಕಾಂಕ್ರೀಟಿಗೆ ಸುರಿಯುವುದು ತಪ್ಪು.

ಕಾರ್ಖಾನೆಯಲ್ಲಿ ಹುಟ್ಟುವ ಮನೆ

ಇಲ್ಲಿವರೆಗಿನದು ಸಾಮಾನಿನ ಮಾತು. ಈಗ ಕಟ್ಟುವ ರೀತಿಯೇ ಬದಲಾಗುತ್ತಿದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದಂಥ ಕಡೆ ನಟ್ಟು ಬೋಲ್ಟು ಬಿಗಿದು ನಿಲ್ಲಿಸುವ ಕಬ್ಬಿಣದ ಶೆಡ್ಡುಗಳು ಮಾಮೂಲು. ತೋಟದ ಸುತ್ತ ರೆಡಿಮೇಡ್ ಕಾಂಪೌಂಡ್ ಒಂದೇ ದಿನದಲ್ಲಿ ಏಳುತ್ತದೆ. ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟಿನಲ್ಲಿ 1,021 ಚದರಡಿಯ ಅಂಚೆ ಕಚೇರಿಯನ್ನು ಯಂತ್ರವೇ ಪದರ ಪದರವಾಗಿ ಕಾಂಕ್ರೀಟು ಸುರಿದು ಕಟ್ಟಿತು. 2023ರ ಆಗಸ್ಟ್ 18ರಂದು ಉದ್ಘಾಟನೆಯಾದ ಅದು ದೇಶದ ಮೊದಲ 3ಡಿ ಮುದ್ರಿತ ಅಂಚೆ ಕಚೇರಿ.

ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ಊರುಗಳಲ್ಲಿ ‘ಲೈಟ್ ಹೌಸ್’ ವಸತಿ ಯೋಜನೆಗಳಿಗೆ ಶಂಕುಸ್ಥಾಪನೆ ಮಾಡಿತು. ಇಂದೋರ್, ರಾಜಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಖನೌ. ಆರಕ್ಕೆ ಆರು ಬೇರೆ ಬೇರೆ ವಿಧಾನ. ಚೆನ್ನೈನಲ್ಲಿ ಕಂಬ, ಬೀಮು, ಸ್ಲ್ಯಾಬನ್ನು ಮೊದಲೇ ಎರಕ ಹೊಯ್ದು ತಂದು ಜೋಡಿಸಿದರೆ, ರಾಂಚಿಯಲ್ಲಿ ಇಡೀ ಕೋಣೆಯನ್ನೇ ಪೆಟ್ಟಿಗೆಯ ಹಾಗೆ ಎರಕ ಹೊಯ್ದು ಒಂದರ ಮೇಲೊಂದು ಇಡುವ ವಿಧಾನ. ಎರಡಕ್ಕೂ ಜನ ಹೇಳುವುದು ‘ಪ್ರೀಕಾಸ್ಟ್’. ಅಲ್ಯೂಮಿನಿಯಂ ಅಚ್ಚಿನಲ್ಲಿ ಗೋಡೆ, ತಾರಸಿ ಒಟ್ಟಿಗೆ ಹೊಯ್ಯುವ ಕೆಲಸಕ್ಕೆ ಒಂದು ಕಂಪನಿಯ ಹೆಸರಾದ ‘ಮೈವಾನ್’ ಎಂಬುದೇ ಅಂಟಿಕೊಂಡುಬಿಟ್ಟಿದೆ.

ಹೆಸರಿನ ಈ ಗೊಂದಲ ಇಂಗ್ಲೆಂಡಿನವರನ್ನೂ ಕಾಡಿತ್ತು. ಪ್ರಿಫ್ಯಾಬ್, ಆಫ್‌ಸೈಟ್, ಮಾಡ್ಯುಲರ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರೆ ಸಾಲ ಕೊಡುವ ಬ್ಯಾಂಕಿಗೂ ವಿಮೆ ಕೊಡುವವರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. 2019ರಲ್ಲಿ ಅಲ್ಲಿನ ಸರ್ಕಾರ ಮತ್ತು ಉದ್ಯಮದವರ ಜಂಟಿ ತಂಡ ಆಧುನಿಕ ನಿರ್ಮಾಣ ವಿಧಾನಗಳನ್ನು ಏಳು ವರ್ಗ ಮಾಡಿತು. ಇಡೀ ಕೋಣೆಯಾಗಿ ಬರುವುದು ಒಂದು, ಗೋಡೆ ಮತ್ತು ನೆಲದ ಹಲಗೆಗಳಾಗಿ ಬರುವುದು ಎರಡು, ಬಿಡಿ ಕಂಬ ಬೀಮು ಮೂರು, 3ಡಿ ಮುದ್ರಣ ನಾಲ್ಕು, ಭಾರ ಹೊರದ ಸ್ನಾನದ ಕೋಣೆಯಂಥ ಸಿದ್ಧ ಭಾಗಗಳು ಐದು, ಕೂಲಿ ಕಡಿಮೆ ಮಾಡುವ ಸುಧಾರಿತ ಸಾಮಾನು ಆರು, ಕೆಲಸದ ಜಾಗದ ವಿಧಾನ ಸುಧಾರಣೆ ಏಳು. ಈಗ ‘ಎರಡನೇ ವರ್ಗ’ ಅಂದರೆ ಬ್ಯಾಂಕಿನವರಿಗೂ ಬಿಲ್ಡರಿಗೂ ಒಂದೇ ಚಿತ್ರ ಮೂಡುತ್ತದೆ.

ಭಾರತದಲ್ಲೂ ನಿಯಮಗಳಿಲ್ಲ ಎಂದಲ್ಲ. 1970ರಲ್ಲಿ ಮೊದಲು ಬಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ಮೊದಲೇ ಎರಕ ಹೊಯ್ದ ನಿರ್ಮಾಣಕ್ಕೆ ಪ್ರತ್ಯೇಕ ವಿಭಾಗವಿದೆ. ಮಾನಕವೇ ಇಲ್ಲದ ಹೊಸ ವಿಧಾನಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕೆಲಸವನ್ನು ದೆಹಲಿಯ ಬಿಎಂಟಿಪಿಸಿ ಸಂಸ್ಥೆ ಮಾಡುತ್ತದೆ. ಕೊರತೆ ಇರುವುದು ಆ ಮಾತು ತಾಲೂಕಿನ ಅಂಗಡಿಯ ಬಿಲ್ಲಿಗೆ, ಮೇಸ್ತ್ರಿಯ ಕರಾರಿಗೆ ಇಳಿದು ಬರುವುದರಲ್ಲಿ.

ಸಾಲದ ವಿಷಯದಲ್ಲಿ ಇದು ನೇರ ತಟ್ಟುತ್ತದೆ. ಮನೆ ಸಾಲವನ್ನು ಬ್ಯಾಂಕುಗಳು ಪಾಯ, ಲಿಂಟಲ್, ಮೋಲ್ಡ್, ಗಿಲಾವು ಎಂದು ಹಂತ ಹಂತವಾಗಿ ಬಿಡುಗಡೆ ಮಾಡುತ್ತವೆ. ಮೊದಲೇ ಎರಕ ಹೊಯ್ದ ಮನೆಯಲ್ಲಿ ಹಣದ ದೊಡ್ಡ ಪಾಲು ಕಾರ್ಖಾನೆಗೆ ಹೋದಾಗ ಸೈಟಿನಲ್ಲಿ ಪಾಯದ ಹೊರತು ಏನೂ ಕಾಣುವುದಿಲ್ಲ. ಮ್ಯಾನೇಜರ್ ಬಂದು ನೋಡಿದರೆ ‘ಲಿಂಟಲ್ ಎಲ್ಲಿ?’ ಎಂದೇ ಕೇಳುತ್ತಾರೆ. ಹಂತಗಳಿಗೇ ಹೊಸ ಹೆಸರು, ಹೊಸ ಅರ್ಥ ಬೇಕು.

ಜೋಡಣೆ ತಪ್ಪಿದರೆ

ಪದ, ಮಾನಕ ಎಂಬುದೆಲ್ಲ ಕಾಗದದ ಮಾತು ಎನ್ನುವವರಿಗೆ ಎರಡು ಘಟನೆ ನೆನಪಿಸಬೇಕು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟವಾಯಿತು. ಎರಕದ ದೊಡ್ಡ ಹಲಗೆಗಳನ್ನು ಜೋಡಿಸಿ ಕಟ್ಟಿದ್ದ ಕಟ್ಟಡವದು. ಒಂದು ಗೋಡೆ ಹೊರಗೆ ಹೋಗಿದ್ದೇ ತಡ, ಆ ಮೂಲೆಯ ಮಹಡಿಗಳೆಲ್ಲ ಇಸ್ಪೀಟು ಮನೆಯಂತೆ ಉದುರಿದವು. ನಾಲ್ವರು ಸತ್ತರು. ಹಲಗೆಗಳಲ್ಲಿ ಬಲವಿತ್ತು, ಜೋಡಣೆಯಲ್ಲಿ ಇರಲಿಲ್ಲ. ಆ ನಂತರ ಬ್ರಿಟನ್ನಿನ ಕಟ್ಟಡ ನಿಯಮಗಳೇ ಬದಲಾದವು.

2001ರ ಜನವರಿ 26ರ ಭುಜ್ ಭೂಕಂಪದಲ್ಲೂ ಕಛ್‌ನಲ್ಲಿ ಹೀಗೆ ಎರಕದ ಹಲಗೆ ಜೋಡಿಸಿ ಕಟ್ಟಿದ್ದ ಹಲವು ಶಾಲಾ ಕಟ್ಟಡಗಳು ಬಿದ್ದವು. ಅಲ್ಲೂ ದುರ್ಬಲವಾಗಿದ್ದದ್ದು ಜೋಡಣೆ. ಕಾರ್ಖಾನೆಯವರು ಹಲಗೆ ಕೊಟ್ಟು ಕೈತೊಳೆದುಕೊಂಡು, ನಿಲ್ಲಿಸುವವರು ನಿಲ್ಲಿಸಿ ಕೈತೊಳೆದುಕೊಂಡರೆ, ಮಧ್ಯದ ಬೆಸುಗೆ ಯಾರ ಜವಾಬ್ದಾರಿ ಎಂಬುದನ್ನು ಕರಾರು ಹೇಳಬೇಕು. ರೆಡಿಮೇಡ್ ಕಾಂಪೌಂಡಿಗೂ ಈ ಮಾತು ಸಲ್ಲುತ್ತದೆ: ಕಂಬ ನೆಲದೊಳಗೆ ಎಷ್ಟು ಅಡಿ, ಸುತ್ತ ಕಾಂಕ್ರೀಟು ಎಷ್ಟು ಎಂಬುದು ಬಿಲ್ಲಿನಲ್ಲಿ ಇರಬೇಕು.

ಅಂಗಡಿಯವರಿಗೆ ಕಾನೂನು ಏನು ಹೇಳುತ್ತದೆ?

ಸಿಮೆಂಟು ಮತ್ತು ಕಾಂಕ್ರೀಟಿಗೆ ಬಳಸುವ ಕಂಬಿಗೆ ಐಎಸ್‌ಐ ಗುರುತು ಕಡ್ಡಾಯ. ಈ ಗುರುತಿನ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಅಸಲಿಯೋ ನಕಲಿಯೋ ತಿಳಿಯುತ್ತದೆ. ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಶುರುವಾದದ್ದು, 1987ರಲ್ಲಿ ಬಿಐಎಸ್ ಆಯಿತು. ಗುರುತಿಗೆ ಮಾತ್ರ ಹಳೇ ಹೆಸರೇ ಉಳಿದಿದೆ. ಬೆಂಗಳೂರಿನ ಪೀಣ್ಯದಲ್ಲಿ ಅದರ ಶಾಖಾ ಕಚೇರಿಯಿದೆ. ಮಾನಕಗಳನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹೆಚ್ಚಿನವು ಇಂಗ್ಲಿಷಿನಲ್ಲಿವೆ ಎಂಬುದೇ ಮೇಸ್ತ್ರಿಗಳಿಗೆ ಅಡ್ಡಿ.

2009ರ ಕಾನೂನುಬದ್ಧ ಮಾಪನ ಕಾಯ್ದೆಯ 11ನೇ ಕಲಮಿನ ಪ್ರಕಾರ ದರಪಟ್ಟಿ, ಬಿಲ್ಲುಗಳಲ್ಲಿ ಮಾನಕ ಅಳತೆಯನ್ನೇ ಬಳಸಬೇಕು. ಬಾಯಲ್ಲಿ ಚದರ, ಇಂಚು, ಲೋಡ್ ಎನ್ನಲಿ. ಬಿಲ್ಲಿನಲ್ಲಿ ಚದರ ಮೀಟರ್, ಮಿ.ಮೀ., ಕೆ.ಜಿ., ಟನ್, ಘನ ಮೀಟರ್ ಬರೆಯುವುದು ಅಂಗಡಿಗೂ ಕ್ಷೇಮ. ಒಂದು ಚದರ ಮೀಟರಿಗೆ 10.76 ಚದರಡಿ, ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ.

ಬಿಲ್ಲು, ಕರಾರಿನಲ್ಲಿ ಇರಬೇಕಾದ್ದು

• ಬ್ಲಾಕ್: ಜಾತಿ (ಸಾಲಿಡ್, ಹಾಲೋ, ಎಎಸಿ, ಸಿಎಲ್‌ಸಿ), ಮಿ.ಮೀ. ಅಳತೆ, ದರ್ಜೆ.

• ಕಂಬಿ: ಗ್ರೇಡ್, ಮಿ.ಮೀ. ದಪ್ಪ, ಎಷ್ಟು ಕಂಬಿ, ಒಟ್ಟು ತೂಕ.

• ಸಿಮೆಂಟು: ಓಪಿಸಿ 43, 53, ಪಿಪಿಸಿ ಅಥವಾ ಪಿಎಸ್‌ಸಿ ಎಂಬುದು, ಚೀಲದ ಮೇಲಿನ ತಯಾರಿಕೆಯ ವಾರ.

• ಮರಳು, ಜಲ್ಲಿ: ಎಂ ಸ್ಯಾಂಡೋ ಪಿ ಸ್ಯಾಂಡೋ, ಜಲ್ಲಿ ‘ಮುಕ್ಕಾಲಿಂಚು’ ಬದಲು 20 ಮಿ.ಮೀ.; ಟನ್ ಅಥವಾ ಘನ ಮೀಟರ್.

• ರೆಡಿಮಿಕ್ಸ್: ಲಾರಿಯ ಚೀಟಿಯಲ್ಲಿ ಗ್ರೇಡ್, ಪ್ರಮಾಣ, ತುಂಬಿದ ಸಮಯ. ಐಎಸ್ 4926 ಪ್ರಕಾರ ತುಂಬಿದ ಎರಡು ತಾಸಿನೊಳಗೆ ಇಳಿಸಬೇಕು. ಗಟ್ಟಿಯಾಗುವುದನ್ನು ತಡೆಯುವ ರಾಸಾಯನಿಕ ಹಾಕಿದ್ದರೆ ಮಾತ್ರ ಹೆಚ್ಚು ಸಮಯ. ತುಮಕೂರಿನಿಂದ ದೂರದ ಹೋಬಳಿಗೆ ತರಿಸುವವರು ಈ ಸಮಯವನ್ನು ಮೊದಲೇ ಕೇಳಬೇಕು. ಲಾರಿ ಬಂದ ಮೇಲೆ ನೀರು ಬೆರೆಸಲು ಬಿಡಬಾರದು.

• ಗುತ್ತಿಗೆ: ಚದರವನ್ನು ಎಲ್ಲಿಂದ ಅಳೆಯುವುದು, ಅದರಲ್ಲಿ ಏನು ಸೇರುತ್ತದೆ, ಕಾಂಕ್ರೀಟಿನ ಗ್ರೇಡ್, ನೀರು ಹೊಡೆಯುವ ದಿನ ಮತ್ತು ಅದರ ಹೊಣೆ ಯಾರದು.

ಇದಕ್ಕೆ ಕನ್ನಡದಲ್ಲಿ ಬಾಯಿ ತಿರುಗದ ಹೊಸ ಪದ ಹುಟ್ಟಿಸಬೇಕಾಗಿಲ್ಲ. ಪಠ್ಯಪುಸ್ತಕದ ‘ಪ್ರಬಲಿತ ಕಾಂಕ್ರೀಟು’ ಎಂಬುದನ್ನು ಯಾವ ಮೇಸ್ತ್ರಿಯೂ ಹೇಳುವುದಿಲ್ಲ, ಆರ್‌ಸಿಸಿ ಎಂದರೆ ಹಳ್ಳಿ ಮಗುವಿಗೂ ಗೊತ್ತು. ಕಂಬಿ, ಜಲ್ಲಿ, ಗಿಲಾವು, ಸಜ್ಜೆ, ಮೋಲ್ಡ್ ಎಲ್ಲವೂ ಇರಲಿ. ಒಂದೊಂದರ ಪಕ್ಕ ಒಂದು ಸಂಖ್ಯೆ, ಒಂದು ಅಳತೆ ಸೇರಿದರೆ ಸಾಕು. ತಾಲೂಕಿನ ಹಾರ್ಡ್‌ವೇರ್ ವರ್ತಕರು, ಮೇಸ್ತ್ರಿಗಳು, ಇಂಜಿನಿಯರುಗಳು ಒಂದು ಮಧ್ಯಾಹ್ನ ಕೂತು ಒಂದೇ ಹಾಳೆಯ ಪಟ್ಟಿ ಮಾಡಿ ಪ್ರತಿ ಅಂಗಡಿಯ ಗೋಡೆಗೆ ಅಂಟಿಸಿದರೆ, ಅದಕ್ಕೆ ಆಗುವ ಖರ್ಚು ಒಂದು ಚೀಲ ಸಿಮೆಂಟಿನದ್ದೂ ಅಲ್ಲ. ಮನೆ ಒಂದು ಸಲ ಕಟ್ಟಿಸುವವರಿಗೆ ತಪ್ಪು ತಿದ್ದಿಕೊಳ್ಳಲು ಎರಡನೇ ಸಲ ಸಿಗುವುದಿಲ್ಲ.